ಅಮ್ಮ ತಾನೇ ತೊಡುವ ಕಾರ್ಡಿಗನ್

ದೀಪಾವಳಿ ಕಳೆದು ಎರಡು ವಾರ ಆಗುವಷ್ಟರಲ್ಲಿ ದೆಹಲಿಯ ಮನೆಗಳಲ್ಲಿ ಪೆಟ್ಟಿಗೆ ಮಂಚಗಳ ಹಲಗೆ ಮೇಲೇಳುತ್ತದೆ. ಒಳಗಿನಿಂದ ರಜಾಯಿ, ಶಾಲು, ಸ್ವೆಟರು, ಮಂಕಿ ಕ್ಯಾಪು ಎಲ್ಲವೂ ನುಸಿಗುಳಿಗೆಯ ವಾಸನೆ ಹೊತ್ತುಕೊಂಡು ಬಾಲ್ಕನಿಯ ಬಿಸಿಲಿಗೆ ಬರುತ್ತವೆ. ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರು ಚಳಿ ಎಂದರೆ ಬೀದಿಯದು ಎಂದುಕೊಂಡಿರುತ್ತಾರೆ. ಜನವರಿಯ ರಾತ್ರಿ ಹೊರಗೆ ನಾಲ್ಕೈದು ಡಿಗ್ರಿಗೆ ಇಳಿಯುವುದು ನಿಜ. ಆದರೆ ನಮ್ಮಂಥವರ ಫ್ಲ್ಯಾಟುಗಳಲ್ಲಿ ಗೋಡೆ, ನೆಲ, ನಲ್ಲಿಯ ನೀರು ಎಲ್ಲವೂ ಆ ಚಳಿಯನ್ನು ಹಗಲಿಗೂ ಹಿಡಿದಿಟ್ಟುಕೊಂಡಿರುತ್ತವೆ. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ, ಹಲ್ಲುಜ್ಜುವುದಕ್ಕೂ ಮೊದಲು, ಸ್ವೆಟರು ಮೈಮೇಲೆ ಇರಬೇಕು.

ಊರಿನಿಂದ ಬಂದು ಚಳಿಗಾಲಕ್ಕೆ ನಮ್ಮೊಡನೆ ಉಳಿಯುವ ತಾಯಂದಿರ, ಅತ್ತೆಯಂದಿರ ಕಷ್ಟ ಶುರುವಾಗುವುದು ಇಲ್ಲಿಂದಲೇ. ದೆಹಲಿಯ ಅಂಗಡಿಗಳಲ್ಲಿ ಹೆಂಗಸರ ಸ್ವೆಟರುಗಳಿಗೆ ಕೊರತೆಯಿಲ್ಲ, ಲುಧಿಯಾನದಿಂದ ರಾಶಿ ರಾಶಿ ಬರುತ್ತವೆ. ಆದರೆ ಹೆಚ್ಚಿನವು ಸಲ್ವಾರ್ ಕಮೀಜಿನ ಮೇಲೋ ಜೀನ್ಸಿನ ಮೇಲೋ ಹಾಕುವಂಥವು. ಉದ್ದವಾಗಿ ಇಳಿದು ಸೀರೆಯ ನೆರಿಗೆಯನ್ನು ಒತ್ತುತ್ತವೆ. ಕಂಕುಳ ಹತ್ತಿರ ಬಿಗಿಯಾಗಿದ್ದು ಸೆರಗನ್ನು ಮುದ್ದೆ ಮಾಡುತ್ತವೆ. ತೋಳಿನ ತುದಿಯ ಬಿಗಿಪಟ್ಟಿ ಗಾಜಿನ ಬಳೆಗಳ ಮೇಲೆ ಹೋಗುವುದಿಲ್ಲ. ಇಷ್ಟನ್ನು ಹೇಗೋ ಸಹಿಸಿಕೊಳ್ಳಬಹುದು, ಭುಜ ನೋಯುವವರಿಗಾದರೆ ಇವನ್ನು ತೊಡಲಿಕ್ಕೇ ಆಗುವುದಿಲ್ಲ. ಈ ತಿಂಗಳು ಅದರ ಬಗ್ಗೆಯೇ ಬರೆಯುತ್ತೇನೆ: ಹೆಣೆದ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿಯಬಹುದಾದ ಒಂದು ಸಡಿಲ ಕಾರ್ಡಿಗನ್, ಅದಕ್ಕಾಗಿ ಒಂದು ಸಾಮಾನ್ಯ ಪ್ಯಾಟರ್ನಿನಲ್ಲಿ ಮಾಡಿಕೊಂಡ ಬದಲಾವಣೆಗಳು.

ಹೋದ ವರ್ಷ ನವರಾತ್ರಿ ಮುಗಿಸಿಕೊಂಡು ಅಮ್ಮ ಸಾಗರದಿಂದ ಬಂದಳು. ಅವಳಿಗೀಗ 72 ವರ್ಷ, ಸಕ್ಕರೆ ಕಾಯಿಲೆ ಬಹಳ ಕಾಲದಿಂದ ಇದೆ. ಬರುವಾಗಲೇ ಎಡಭುಜ ಹಿಡಿದುಕೊಂಡಿತ್ತು. ಇಲ್ಲಿ ತೋರಿಸಿದಾಗ ವೈದ್ಯರು ಫ್ರೋಜನ್ ಶೋಲ್ಡರ್ ಎಂದರು. ಭುಜದ ಕೀಲನ್ನು ಸುತ್ತುವರಿದ ಚೀಲದಂಥ ಪೊರೆ ದಪ್ಪಗಾಗಿ ಬಿಗಿದುಕೊಳ್ಳುವುದು ಈ ತೊಂದರೆ. ಕೈಯನ್ನು ಮೇಲೆತ್ತಲು, ಹೊರಕ್ಕೆ ತಿರುಗಿಸಲು, ಬೆನ್ನ ಹಿಂದಕ್ಕೆ ಒಯ್ಯಲು ಆಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ನಿಧಾನಕ್ಕೆ ಸಡಿಲವಾಗುತ್ತದೆ, ಆದರೆ ಒಂದರಿಂದ ಮೂರು ವರ್ಷ ಹಿಡಿಯಬಹುದು. ಮೊಣಕೈ, ಮಣಿಕಟ್ಟು, ಬೆರಳುಗಳಿಗೆ ಏನೂ ಆಗಿರುವುದಿಲ್ಲ. ಅಮ್ಮ ಅದೇ ಎಡಗೈ ಸೇರಿಸಿ ಬಟಾಣಿ ಸುಲಿಯುತ್ತಿದ್ದಳು, ಹೂಬತ್ತಿ ಹೊಸೆಯುತ್ತಿದ್ದಳು. ಮುಂದೆ ಹುಕ್ಕಿರುವ ಸಡಿಲ ರವಿಕೆ ಹೊಲಿಸಿಕೊಂಡು ಬಂದಿದ್ದರಿಂದ ಅದನ್ನು ಹಾಕಿಕೊಂಡು, ಸೀರೆಯನ್ನು ಹೆಚ್ಚುಕಡಿಮೆ ಬಲಗೈಯಲ್ಲೇ ಉಟ್ಟು ಮುಗಿಸುತ್ತಿದ್ದಳು.

ಸ್ವೆಟರಿನ ಹತ್ತಿರ ಬಂದಾಗ ಎಲ್ಲ ನಿಲ್ಲುತ್ತಿತ್ತು. ತಲೆಯ ಮೇಲಿಂದ ಎಳೆದುಕೊಳ್ಳುವುದಂತೂ ದೂರದ ಮಾತು. ಮುಂದೆ ತೆರೆದ ಕಾರ್ಡಿಗನ್ನಿಗೂ ಎರಡನೆಯ ತೋಳು ಬೆನ್ನ ಹಿಂದೆ ಎಲ್ಲೋ ನೇತಾಡುತ್ತಿರುತ್ತದಲ್ಲ, ಅದು ಕೈಗೆ ಸಿಗುತ್ತಿರಲಿಲ್ಲ. ನಾನು ಆಫೀಸಿಗೆ ಹೊರಡುವ ಮೊದಲು ತೊಡಿಸಿ ಹೋಗುತ್ತಿದ್ದೆ. ಅಮ್ಮ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು. ಒಂದು ದಿನ ಹೇಳಿಯೇಬಿಟ್ಟಳು: "ನಾನು ನಿನಗೆ ಹೀಗೆ ಅಂಗಿ ತೊಡಿಸಿದ್ದು ನೀನು ಮೂರು ವರ್ಷದವಳಿದ್ದಾಗ. ನೀನು ನನಗೆ ತೊಡಿಸೋದು ಬೇಡ ಮಾರಾಯ್ತಿ." ಮರುದಿನದಿಂದ ಶಾಲು ಹೊದ್ದು ರಜಾಯಿಯೊಳಗೆ ಕೂರುವುದು ಶುರುವಾಯಿತು. ಶಾಲು ಹಿಡಿದುಕೊಳ್ಳಲು ಒಂದು ಕೈ ಬೇಕೇ ಬೇಕು, ಇದ್ದ ಒಂದು ಒಳ್ಳೆಯ ಕೈ ಅದಕ್ಕೇ ಹೋಯಿತು. ಮೆಟ್ಟಿಲಿಳಿದು ಪಾರ್ಕಿನ ಬಿಸಿಲಿಗೆ ಹೋಗುವುದು ನಿಂತಿತು. ಕೆಳಗಿನ ಬೆಂಚಿನ ಮೇಲೆ ಕೂರುವ ಹೆಂಗಸರು, "ಆಂಟೀಜಿ ಕಾಣ್ತಾ ಇಲ್ಲವಲ್ಲ" ಎಂದು ನನ್ನನ್ನು ಕೇಳತೊಡಗಿದರು. ಡಿಸೆಂಬರ್ ಮೊದಲ ವಾರ ಅಮ್ಮ ಕೇಳಿದ್ದು ಒಂದೇ: ಸಂಕ್ರಾಂತಿಗೆ ಮೊದಲು ಊರಿಗೆ ಟಿಕೆಟ್ ತೆಗೆಸಿಕೊಡು. ಊರಿನಲ್ಲಿ ಅವಳು ಒಬ್ಬಳೇ. ಇಲ್ಲಿ ದಿನ ಬಿಟ್ಟು ದಿನ ನಡೆಯುತ್ತಿದ್ದ ಭುಜದ ವ್ಯಾಯಾಮ ಅಲ್ಲಿ ನಡೆಯುವ ಹಾಗಿರಲಿಲ್ಲ.

ವ್ಯಾಯಾಮ ಮಾಡಿಸುವ ಹುಡುಗಿ ಮೊದಲ ದಿನವೇ ಒಂದು ನಿಯಮ ಹೇಳಿಕೊಟ್ಟಿದ್ದಳು. ತೊಡುವಾಗ ನೋಯುವ ಕೈ ಮೊದಲು ಒಳಗೆ. ತೆಗೆಯುವಾಗ ನೋಯುವ ಕೈ ಕೊನೆಗೆ ಹೊರಗೆ. ಒಂದು ಭಾನುವಾರ ಈ ನಿಯಮವನ್ನು ಮುಂದಿಟ್ಟುಕೊಂಡು ಅಮ್ಮನನ್ನು ಮಂಚದ ಅಂಚಿನಲ್ಲಿ ಕೂರಿಸಿ, ನನ್ನ ಹಳೆಯ ಕಾರ್ಡಿಗನ್ ಕೊಟ್ಟು, ಕೈಗಳು ಎಲ್ಲೆಲ್ಲಿ ತಡೆಯುತ್ತವೆ ಎಂದು ನೋಡಿದೆ. ಮೂರು ಕಡೆ. ಮೊದಲನೆಯದು, ಎಡತೋಳನ್ನು ಬಲಗೈಯಿಂದ ಮೇಲೆಳೆಯುವಾಗ ಬಟ್ಟೆ ರವಿಕೆಗೆ, ಸೆರಗಿಗೆ ಅಂಟಿಕೊಂಡು ಜಾರುತ್ತಿರಲಿಲ್ಲ. ಎರಡನೆಯದು, ಬೆನ್ನ ಸುತ್ತ ಬಟ್ಟೆಯನ್ನು ಬಲಕ್ಕೆ ತರುವಾಗ ಬೆನ್ನಿನ ಅಗಲ ಸಾಲದೆ ಎಡಭುಜವನ್ನು ಎಳೆದು ನೋಯಿಸುತ್ತಿತ್ತು. ಮೂರನೆಯದು, ಬಲಗೈಗೆ ತೋಳಿನ ಬಾಯಿ ಸಿಗುತ್ತಿರಲಿಲ್ಲ, ಅದು ಇರಬೇಕಾದದ್ದಕ್ಕಿಂತ ಎತ್ತರದಲ್ಲಿತ್ತು, ಚಿಕ್ಕದಾಗಿತ್ತು.

ಪ್ಯಾಟರ್ನುಗಳೆಲ್ಲ ಕೈ ಇಳಿಬಿಟ್ಟು ನೆಟ್ಟಗೆ ನಿಂತ ಮೈಯ ಅಳತೆಯ ಮೇಲೆ ತಯಾರಾಗುತ್ತವೆ. ಎದೆ, ಸೊಂಟ, ಭುಜ ಎಂದು ಅಳೆಯುತ್ತೇವೆ. ಉಡುಪಿನೊಳಗೆ ಹೋಗುವಾಗ ಕೈ ಹಿಡಿಯುವ ದಾರಿಯನ್ನು ಅಳೆಯುವುದಿಲ್ಲ. ಭುಜ ಸರಿಯಿದ್ದವರಿಗೆ ಅದರ ಅಗತ್ಯವೂ ಬೀಳುವುದಿಲ್ಲ. ನನಗೆ ಬದಲಿಸಬೇಕಾಗಿದ್ದದ್ದು ಆ ದಾರಿಯನ್ನು.

ಇನ್ನು ಕೆಲಸಕ್ಕೆ ಬರೋಣ, ಮೊದಲು ಬಟ್ಟೆ. ನೇಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂದು ಎರಡು ದಿಕ್ಕಿನ ಎಳೆಗಳಿರುತ್ತವೆ, ಅದು ಅಡ್ಡಕ್ಕೂ ಉದ್ದಕ್ಕೂ ಹೆಚ್ಚು ಹಿಗ್ಗುವುದಿಲ್ಲ. ಹೆಣೆದ ಬಟ್ಟೆಯಲ್ಲಿ ಎಳೆ ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಂಡಿರುತ್ತದೆ. ಎಳೆದಾಗ ಕುಣಿಕೆಗಳು ಆಕಾರ ಬದಲಿಸುತ್ತವೆ, ಬಿಟ್ಟಾಗ ಹಿಂದಕ್ಕೆ ಬರುತ್ತವೆ. ನಮ್ಮ ಬನಿಯನ್ ಬಟ್ಟೆ ಇದೇ ಜಾತಿಯದು. ಕುಣಿಕೆಗಳ ನಡುವೆ ಗಾಳಿ ನಿಲ್ಲುವುದರಿಂದ ತೂಕ ಕಡಿಮೆ, ಬೆಚ್ಚಗೆ ಹೆಚ್ಚು. ನೋಯುವ ಭುಜದ ಮೇಲೆ ಭಾರ ಬೀಳಬಾರದು ಎನ್ನುವಾಗ ಇದೇ ಸರಿ. ಕೊಳ್ಳುವ ಮೊದಲು ಅಡ್ಡಕ್ಕೆ 4 ಇಂಚು ಹಿಡಿದು ಮೆಲ್ಲಗೆ ಎಳೆದು ನೋಡಿ. 5 ಇಂಚಿಗೆ ಬಂದು, ಬಿಟ್ಟ ಕೂಡಲೇ ಮೊದಲಿನಷ್ಟಾದರೆ ಕಾರ್ಡಿಗನ್ನಿಗೆ ಒಳ್ಳೆಯದು. ಬಿಟ್ಟ ಮೇಲೂ ಜೋತುಬಿದ್ದರೆ ಅಂಥ ಬಟ್ಟೆ ಬೇಡ, ತಿಂಗಳೊಳಗೆ ಮೊಣಕೈಯಲ್ಲಿ ಚೀಲ ಕಟ್ಟುತ್ತದೆ.

ಪೂರ್ವ ದೆಹಲಿಯ ಗಾಂಧಿನಗರದ ಬಟ್ಟೆ ಗಲ್ಲಿಗಳಿಗೆ ಹೋದೆ. ಸಗಟು ಅಂಗಡಿಗಳಲ್ಲಿ ಹೆಣೆದ ಬಟ್ಟೆಯನ್ನು ಮೀಟರಿನಲ್ಲಿ ಅಳೆಯದೆ ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಗಾಬರಿಯಾಗಬೇಡಿ, ಲೆಕ್ಕ ಸುಲಭ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಮಿನಲ್ಲಿ. 300 ಜಿಎಸ್‌ಎಂ ಬಟ್ಟೆ ಒಂದೂವರೆ ಮೀಟರ್ ಅಗಲವಿದ್ದರೆ ಒಂದು ಮೀಟರ್ ಉದ್ದಕ್ಕೆ 450 ಗ್ರಾಂ. ಒಂದು ಕಿಲೋಗೆ ಸುಮಾರು ಎರಡೂಕಾಲು ಮೀಟರ್ ಬರುತ್ತದೆ, ಒಂದು ಕಾರ್ಡಿಗನ್ನಿಗೆ ಧಾರಾಳವಾಗಿ ಸಾಕು. ಪೂರಾ ಉಣ್ಣೆ ಅಮ್ಮನ ಕತ್ತಿಗೆ ಚುಚ್ಚುತ್ತದೆ. ಪೂರಾ ಅಕ್ರಿಲಿಕ್ ಹಗುರ, ಅಗ್ಗ, ಆದರೆ ಬೇಗ ಗುಂಜು ಏಳುತ್ತದೆ, ಬಿಸಿ ತಗುಲಿದರೆ ಕರಗುತ್ತದೆ. ಎರಡೂ ಬೆರೆತ ಬೂದುಬಣ್ಣದ ಬಟ್ಟೆ ತಂದೆ. ಚೆನ್ನೈ, ಮುಂಬಯಿಯಲ್ಲಿ ಇರುವವರಿಗೆ ಉಣ್ಣೆ ಬೇಕಿಲ್ಲ. ಏಸಿ ಕೋಣೆಗೂ ರೈಲಿನ ಏಸಿ ಬೋಗಿಗೂ ತಿರುಪ್ಪೂರಿನ ದಪ್ಪ ಹತ್ತಿ ಹೊಸೈರಿ ಬಟ್ಟೆ ಸಾಕು, ಪ್ಯಾಟರ್ನು ಇದೇ.

ತಂದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ, ಹಿಂಡದೆ, ಚಾಪೆಯ ಮೇಲೆ ಹರಡಿ ಒಣಗಿಸಿ. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಹತ್ತಿಯಾದರೆ ಈ ಹಂತ ಬಿಡಲೇಬೇಡಿ, ಹೊಲಿದ ಮೇಲೆ ಕುಗ್ಗಿದರೆ ಅಳತೆಯೆಲ್ಲ ವ್ಯರ್ಥ.

ಪ್ಯಾಟರ್ನಿಗೆ ಇಳಿಭುಜದ ಕಾರ್ಡಿಗನ್ ಒಂದನ್ನು ಆರಿಸಿಕೊಂಡೆ. ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಎ4 ಹಾಳೆಗಳಲ್ಲಿ ಅಚ್ಚು ಹಾಕಿಸಿ, ಮೂಲೆಯಲ್ಲಿರುವ ಅಳತೆ ಚೌಕವನ್ನು ಸ್ಕೇಲಿನಿಂದ ಅಳೆದು ನೋಡಿ, ಸರಿಯಿದ್ದರೆ ಮಾತ್ರ ಹಾಳೆಗಳನ್ನು ಅಂಟಿಸಬೇಕು. ಇಳಿಭುಜ ಎಂದರೆ ತೋಳಿನ ಜೋಡಣೆ ಭುಜದ ಮೂಳೆಯ ಮೇಲೆ ನಿಲ್ಲದೆ ಕೆಳಗಿಳಿದು ತೋಳಿನ ಮೇಲೆ ಕೂರುವುದು. ಸಾಮಾನ್ಯ ಅಂಗಿಯಲ್ಲಿ ತೋಳಿನ ತಲೆ ಗುಡ್ಡದ ಹಾಗೆ ಎತ್ತರವಾಗಿರುತ್ತದೆ. ಗುಡ್ಡ ಎತ್ತರವಾದಷ್ಟು ತೋಳು ಅಂದವಾಗಿ ಇಳಿಯುತ್ತದೆ, ಕೈ ಆಡಲು ಜಾಗ ಕಡಿಮೆ. ಗುಡ್ಡ ಚಪ್ಪಟೆಯಾದಷ್ಟು ಕಂಕುಳಲ್ಲಿ ಬಟ್ಟೆ ಮಡಿಕೆ ಬೀಳುತ್ತದೆ, ಕೈಗೆ ಜಾಗ ಹೆಚ್ಚು. ಇಳಿಭುಜದ ತೋಳಿನ ತಲೆ ಬಹುಮಟ್ಟಿಗೆ ನೇರ ಗೆರೆ. ಹೊಲಿಯುವುದೂ ಸುಲಭ, ಬದಲಿಸುವುದೂ ಸುಲಭ.

ರಾಗ್ಲನ್ ತೋಳು ಹಾಕಬಹುದಿತ್ತಲ್ಲ ಎಂದು ಹೊಲಿಗೆ ಬಲ್ಲವರು ಕೇಳಬಹುದು. ಕಂಕುಳಿನಿಂದ ಕತ್ತಿನವರೆಗೆ ಓರೆ ಜೋಡಣೆ ಇರುವ ತೋಳು ಅದು, ಸಡಿಲವೂ ಹೌದು. ಅದರ ಹೆಸರಿನ ಹಿಂದಿರುವ ಲಾರ್ಡ್ ರಾಗ್ಲನ್ 1815ರ ವಾಟರ್ಲೂ ಕದನದಲ್ಲಿ ಬಲಗೈ ಕಳೆದುಕೊಂಡ ಸೇನಾಧಿಕಾರಿ. ಆ ತೋಳನ್ನು ಅವರಿಗಾಗಿಯೇ ರೂಪಿಸಿದರು ಎಂದು ಹೇಳುವುದುಂಟು. ಮುಂದೆ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥರಾಗಿದ್ದವರೂ ಅವರೇ. ಅದೇ ಯುದ್ಧದಲ್ಲಿ, 1854ರ ಅಕ್ಟೋಬರ್ 25ರಂದು, ಬಾಲಕ್ಲಾವಾದಲ್ಲಿ ಕುದುರೆ ಪಡೆಯನ್ನು ಮುನ್ನಡೆಸಿದವರು ಕಾರ್ಡಿಗನ್ನಿನ 7ನೆಯ ಅರ್ಲ್. ನಮ್ಮ ಮಂಕಿ ಕ್ಯಾಪಿಗೆ ಇಂಗ್ಲಿಷಿನಲ್ಲಿ ಬಾಲಕ್ಲಾವಾ ಎಂದೇ ಹೆಸರು. ಹೀಗೆ ದೆಹಲಿಯ ಪೆಟ್ಟಿಗೆ ಮಂಚದಿಂದ ಹೊರಬರುವ ಎಷ್ಟೋ ಸಾಮಾನಿಗೆ ಒಂದೇ ಯುದ್ಧದ ನಂಟಿದೆ. ಒಂದು ಕೈ ಇಲ್ಲದವನಿಗಾಗಿ ಹುಟ್ಟಿದ್ದೆನ್ನುವ ತೋಳನ್ನು ನಾನು ಬಿಟ್ಟದ್ದು ಒಂದೇ ಕಾರಣಕ್ಕೆ: ಹೆಣೆದ ಬಟ್ಟೆಯಲ್ಲಿ ಉದ್ದದ ಓರೆ ಜೋಡಣೆಗಳು ಹೊಲಿಯುವಾಗ ಹಿಗ್ಗಿ ಅಲೆಯಲೆಯಾಗುತ್ತವೆ. ಹಳೆಯ ಯಂತ್ರದಲ್ಲಿ ನೇರ ಗೆರೆಗಳೇ ಕ್ಷೇಮ.

ಈಗ ಬದಲಾವಣೆಗಳು. ಎಲ್ಲವನ್ನೂ ಖಾಕಿ ಕಾಗದದ ಮೇಲೆ ಹೊಸದಾಗಿ ಬರೆದುಕೊಂಡೆ.

ಗಾತ್ರ: ಅಳತೆಯನ್ನು ರವಿಕೆಯ ಮೇಲೆ ತೆಗೆಯದೆ, ಸೀರೆ ಉಟ್ಟು ಸೆರಗು ಹೊದ್ದ ಮೇಲೆ ತೆಗೆಯಬೇಕು. ಅಮ್ಮನದು ಹಾಗೆ 38 ಇಂಚು ಬಂತು. ಹೊಲಿದ ಮೇಲೆ ಸುತ್ತಳತೆ 46 ಇಂಚು ಬರುವ ಗಾತ್ರ ಆರಿಸಿದೆ.

ಉದ್ದ: ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕತ್ತಿನ ಹಿಂದಿನ ಮೂಳೆಯಿಂದ ಕುರ್ಚಿಯ ಹಲಗೆಯವರೆಗೆ ಅಳೆದೆ. 23 ಇಂಚು. ಕಾರ್ಡಿಗನ್ 22ಕ್ಕೆ ನಿಲ್ಲಬೇಕು. ಆಗ ಕುಳಿತರೂ ಅಡಿಗೆ ಸಿಕ್ಕಿಕೊಳ್ಳುವುದಿಲ್ಲ, ನೆರಿಗೆ ಒತ್ತುವುದಿಲ್ಲ, ಬಚ್ಚಲಿಗೆ ಹೋದಾಗ ಒದ್ದೆಯಾಗುವುದಿಲ್ಲ. ಪ್ಯಾಟರ್ನು 27 ಇಂಚಿತ್ತು. ಕಂಕುಳಿಗೂ ಸೊಂಟಕ್ಕೂ ನಡುವೆ ಕಾಗದವನ್ನು ಮಡಚಿ 3 ಇಂಚು, ಕೆಳಗಿನ ಅಂಚಿನಲ್ಲಿ 2 ಇಂಚು ಇಳಿಸಿದೆ. ಪಕ್ಕದ ಜೋಡಣೆಯ ಕೆಳಗಿನ 4 ಇಂಚು ಹೊಲಿಯದೆ ಸೀಳು ಬಿಟ್ಟೆ.

ಬೆನ್ನು: ಹಿಂಭಾಗದ ತುಂಡನ್ನು ಬಟ್ಟೆಯ ಮಡಿಕೆಗೆ ಇಟ್ಟು ಕತ್ತರಿಸುತ್ತೇವಲ್ಲ, ಅಲ್ಲಿ ಕಾಗದವನ್ನು ಮಡಿಕೆಯಿಂದ 1 ಇಂಚು ಈಚೆಗೆ ಇಟ್ಟರೆ ಒಟ್ಟು 2 ಇಂಚು ಹೆಚ್ಚುವರಿ ಸಿಗುತ್ತದೆ. ಇದನ್ನು ಕತ್ತಿನ ಕೆಳಗೆ ಒಂದು ನೆರಿಗೆಯಾಗಿ ಮಡಚಿ ಹೊಲಿಯಬೇಕು. ಕತ್ತಿನ ಅಳತೆ ಬದಲಾಗುವುದಿಲ್ಲ. ಬಲಗೈ ಹಿಂದಕ್ಕೆ ಹೋದಾಗ ನೆರಿಗೆ ಬಿಚ್ಚಿಕೊಂಡು ಜಾಗ ಕೊಡುತ್ತದೆ, ಎಡಭುಜವನ್ನು ಎಳೆಯುವುದಿಲ್ಲ.

ತೋಳಿನ ಬಾಯಿ: ಇಲ್ಲಿ ಎಡ ಬಲ ಬೇರೆ ಬೇರೆ. ಪ್ಯಾಟರ್ನಿನಲ್ಲಿ ಭುಜದಿಂದ ಕಂಕುಳಿಗೆ 9 ಇಂಚು ಆಳವಿತ್ತು. ಎಡಗಡೆ 10 ಮಾಡಿದೆ. ಹಿಂದೆ ತಡಕಾಡಬೇಕಾದ ಬಲಗೈಗೆ 11 ಮಾಡಿದೆ. ತೋಳಿನ ತಲೆಯ ಅಗಲ ಇದರ ಎರಡರಷ್ಟು: ಎಡತೋಳು 20, ಬಲತೋಳು 22. ಒಂದನ್ನು ಬದಲಿಸಿ ಇನ್ನೊಂದನ್ನು ಬದಲಿಸದಿದ್ದರೆ ಜೋಡಣೆ ಕೂಡುವುದಿಲ್ಲ. ಎರಡು ಕಡೆ ಒಂದೊಂದು ಇಂಚಿನ ವ್ಯತ್ಯಾಸ ತೊಟ್ಟಾಗ ಕಾಣುವುದಿಲ್ಲ, ಸೆರಗಿನ ದಪ್ಪದಲ್ಲಿ ಮುಚ್ಚಿಹೋಗುತ್ತದೆ.

ತೋಳಿನ ಉದ್ದ: ಕತ್ತಿನ ಮೂಳೆಯಿಂದ ಭುಜದ ಮೇಲಾಗಿ ಮಣಿಕಟ್ಟಿನವರೆಗೆ 26 ಇಂಚು. ಬೆನ್ನಿನ ಅರ್ಧ ಅಗಲ ಹನ್ನೊಂದೂವರೆ ಕಳೆದರೆ ಹದಿನಾಲ್ಕೂವರೆ. ಮಣಿಕಟ್ಟಿಗಿಂತ 1 ಇಂಚು ಮೇಲೆ ನಿಲ್ಲಲೆಂದು ಹದಿಮೂರೂವರೆ. ತುದಿಯ ಸುತ್ತಳತೆಗೆ ಬಳೆ ತೊಟ್ಟ ಮುಷ್ಟಿಯನ್ನು ಅಳೆದೆ: 9 ಇಂಚು. ತುದಿ 10 ಇಂಚು ಇಟ್ಟು, ಸಡಿಲ ತೋಳು ಗ್ಯಾಸ್ ಒಲೆಯ ಉರಿಗೆ ತಾಗದಂತೆ ಮೇಲಕ್ಕೆ ಮಡಚಿ ಗುಂಡಿ ಹಾಕುವ ಒಂದು ಪಟ್ಟಿ ಸೇರಿಸಿದೆ. ಅಡಿಗೆಮನೆಗೆ ಹೋಗುವವರಿಗೆ ಈ ಪಟ್ಟಿ ಬೇಕೇ ಬೇಕು.

ಇಷ್ಟು ಮಾಡಿ ನೇರ ಹೊಸ ಬಟ್ಟೆಗೆ ಕತ್ತರಿ ಹಾಕಬಾರದು. ಹಳೆಯ ಬೆಡ್‌ಶೀಟಿನಲ್ಲಿ ಪರೀಕ್ಷೆ ಮಾಡಿದರೂ ಪ್ರಯೋಜನವಿಲ್ಲ, ಅದು ನೇಯ್ದದ್ದು, ಹಿಗ್ಗುವುದಿಲ್ಲ. ಸವೆದ ಫ್ಲೀಸ್ ಹೊದಿಕೆಯೊಂದನ್ನು ಕತ್ತರಿಸಿ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಅಮ್ಮನಿಗೆ ಕೊಟ್ಟೆ. ಮೊದಲ ಪರೀಕ್ಷೆಯಲ್ಲಿ ಎರಡೂ ಬಾಯಿ 10 ಇಂಚಿತ್ತು. ಬಲಗೈ ಮೂರು ಸಲ ಹುಡುಕಿ ನಾಲ್ಕನೆಯ ಸಲ ಒಳಗೆ ಹೋಯಿತು. ಕತ್ತರಿ ತಂದು ಅಲ್ಲೇ ಇನ್ನೊಂದು ಇಂಚು ಸೀಳಿದೆ. ಐದನೆಯ ಸಲ ಕೈ ತಾನಾಗಿ ಒಳಗಿಳಿಯಿತು. "ಹ್ಞಾಂ, ಈಗ ಬಾಗಿಲು ಸಿಕ್ತು" ಎಂದಳು ಅಮ್ಮ. ಆ 11 ಇಂಚು ಸಿಕ್ಕಿದ್ದು ಹೀಗೆ, ಯಾವ ಗಾತ್ರಪಟ್ಟಿಯಲ್ಲೂ ಅದು ಇರಲಿಲ್ಲ.

ಜಾರುವಿಕೆಯ ಪ್ರಶ್ನೆ ಉಳಿದಿತ್ತು. ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆಯೊಂದು ಮಡಿಕೆಗಳಲ್ಲಿ ಹರಿದು ನನ್ನ ಕಪಾಟಿನಲ್ಲಿತ್ತು. ಒಡಲಿನ ಗಟ್ಟಿ ಭಾಗವನ್ನು ಓರೆಯಾಗಿ ಕತ್ತರಿಸಿ ಎಡತೋಳಿಗೆ ಪೂರ್ತಿ, ಬೆನ್ನಿಗೆ ಮೇಲಿನ 8 ಇಂಚು ಒಳಪದರ ಹಾಕಿದೆ. ನೇಯ್ದ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಹೆಣೆದ ಬಟ್ಟೆಯ ಜತೆ ಹೊಂದಿಕೊಳ್ಳುತ್ತದೆ. ಬೆನ್ನಿನ ಒಳಪದರದಲ್ಲೂ ಅದೇ 2 ಇಂಚಿನ ನೆರಿಗೆ ಬೇಕು, ಕೆಳಗಿನ ಅಂಚು ಬಿಡಿಯಾಗಿರಬೇಕು. ರೇಷ್ಮೆ ಸೀರೆ ಇಲ್ಲದಿದ್ದರೆ ಕೋಟಿಗೆ ಹಾಕುವ ಜಾರುವ ಲೈನಿಂಗ್ ಬಟ್ಟೆಯೂ ನಡೆಯುತ್ತದೆ. ಬೆಳಗಿನ ಮಬ್ಬಿನಲ್ಲಿ ಬೂದುಬಣ್ಣದ ಬಟ್ಟೆಯಲ್ಲಿ ಯಾವುದು ಯಾವ ಕಡೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಬಲತೋಳಿನ ಬಾಯಿಯ ಒಳಸುತ್ತಿಗೆ ಅದೇ ಸೀರೆಯ ಕೆಂಪು ಅಂಚಿನ ಪಟ್ಟಿ ಹೊಲಿದೆ.

ಕತ್ತರಿಸುವಾಗ ಬಟ್ಟೆಯನ್ನು ಒಂದು ರಾತ್ರಿ ನೆಲದ ಮೇಲೆ ಹರಡಿ ಬಿಡಿ, ಸುತ್ತಿಟ್ಟಾಗ ಆದ ಎಳೆತ ಇಳಿಯುತ್ತದೆ. ಮೇಜಿನ ಅಂಚಿನಿಂದ ಜೋತು ಬೀಳಲು ಬಿಡಬೇಡಿ. ಗುಂಡುಸೂಜಿಯ ಬದಲು ಬೇಳೆ ಡಬ್ಬಿಗಳನ್ನು ಕಾಗದದ ಮೇಲೆ ಇಡಿ. ಹೆಚ್ಚು ಹಿಗ್ಗುವ ದಿಕ್ಕು ಮೈಯ ಸುತ್ತ ಬರಬೇಕು.

ನಮ್ಮ ಮನೆಯಲ್ಲಿರುವುದು ನೇರ ಹೊಲಿಗೆ ಮಾತ್ರ ಹಾಕುವ ಹಳೆಯ ಉಷಾ ಯಂತ್ರ. ಹೆಣೆದ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಎಳೆದಾಗ ದಾರ ಕಡಿಯುತ್ತದೆ ಎನ್ನುತ್ತಾರೆ. ಮೈಗಂಟುವ ಉಡುಪಿನಲ್ಲಿ ಅದು ನಿಜ. ಸಡಿಲ ಉಡುಪಿನಲ್ಲಿ ಜೋಡಣೆಗಳ ಮೇಲೆ ಅಷ್ಟು ಎಳೆತ ಬೀಳುವುದೇ ಇಲ್ಲ. ಚಿಕ್ಕ ಹೊಲಿಗೆ, ಪಾಲಿಯೆಸ್ಟರ್ ದಾರ, ಹೊಲಿಯುವಾಗ ಬಟ್ಟೆಯನ್ನು ಮುಂದೆ ಹಿಂದೆ ಸ್ವಲ್ಪವೇ ಬಿಗಿ ಹಿಡಿಯುವುದು, ಪಕ್ಕದಲ್ಲೇ ಎರಡನೆಯ ಸಾಲು. ಇಷ್ಟು ಸಾಕು. ಜಿಗ್‌ಜಾಗ್ ಇರುವ ಯಂತ್ರವಾದರೆ ಅಗಲ ಬಹಳ ಕಡಿಮೆ ಇಟ್ಟು, ಉದ್ದ ಎರಡೂವರೆ ಮಿಲಿಮೀಟರ್ ಇಡಿ. ಸೂಜಿ ಮಾತ್ರ ಬಾಲ್ ಪಾಯಿಂಟ್ ಆಗಿರಲಿ, 14ರ ನಂಬರು. ಅದರ ತುದಿ ದುಂಡಗಿದ್ದು ಕುಣಿಕೆಗಳ ನಡುವೆ ಸರಿದು ಹೋಗುತ್ತದೆ. ಮೊನಚು ಸೂಜಿ ಎಳೆಯನ್ನೇ ಕತ್ತರಿಸಿ ತೂತು ಬೆಳೆಸುತ್ತದೆ. ಬಟ್ಟೆ ಅಲೆಯಾಗುತ್ತಿದ್ದರೆ ಕೆಳಗೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದುಬಿಡಿ. ಒಳ ಅಂಚುಗಳಿಗೆ ಹತ್ತಿರದ ಪೀಕೋ-ಫಾಲ್ ಅಂಗಡಿಯಲ್ಲಿ ಇಂಟರ್‌ಲಾಕ್ ಹಾಕಿಸಿಕೊಳ್ಳಬಹುದು.

ಹೊಲಿಯುವ ಕ್ರಮ ಹೀಗೆ: ಮೊದಲು ಮುಂಭಾಗಕ್ಕೆ ಜೇಬು, ಬೆನ್ನಿಗೆ ನೆರಿಗೆ. ಆಮೇಲೆ ಭುಜಗಳು. ಇಳಿಭುಜದಲ್ಲಿ ತೋಳಿನ ಭಾರವೆಲ್ಲ ಭುಜದ ಜೋಡಣೆಯಿಂದ ನೇತಾಡುತ್ತದೆ, ಆದ್ದರಿಂದ ಹಿಗ್ಗದ ಹತ್ತಿ ಪಟ್ಟಿಯೊಂದನ್ನು ಸೇರಿಸಿಯೇ ಹೊಲಿಯಬೇಕು. ಹಳೆಯ ಪಂಚೆಯ ಅಂಚು ಒಳ್ಳೆಯದು. ನಂತರ ತೋಳುಗಳನ್ನು ಚಪ್ಪಟೆಯಾಗಿಯೇ ಜೋಡಿಸಿ, ತೋಳಿನ ತುದಿಯಿಂದ ಕಂಕುಳಿಗೆ, ಅಲ್ಲಿಂದ ಪಕ್ಕದ ಸೀಳಿನವರೆಗೆ ಒಂದೇ ಹೊಲಿಗೆ. ಮುಂದಿನ ಪಟ್ಟಿಯನ್ನು ನೇರ ಭಾಗದಲ್ಲಿ ಸಮಸಮ ಇಟ್ಟು, ಕತ್ತಿನ ಹಿಂದೆ ಅರ್ಧ ಇಂಚಿನಷ್ಟು ಗಿಡ್ಡ ಇಡಿ, ಕತ್ತಿಗೆ ಕೂರುತ್ತದೆ. ಕಾಜಾ ಬರುವ ಜಾಗಕ್ಕೆ ಒಳಗೆ ಫ್ಯೂಸಿಂಗ್ ಅಂಟಿಸದಿದ್ದರೆ ಕಾಜಾ ಬಾಯಿ ಬಿಡುತ್ತದೆ. ಗುಂಡಿ ಮೂರೇ ಸಾಕು, 30 ಮಿಲಿಮೀಟರಿನ ಮರದ ಗುಂಡಿ. ಮೇಲಿನದು ಎದೆಗಿಂತ ಎತ್ತರದಲ್ಲಿ ಬೇಡ. ಆಗ ಎಡ ಮೊಣಕೈ ಪಕ್ಕೆಗೆ ಅಂಟಿಕೊಂಡಿದ್ದರೂ ಬೆರಳುಗಳು ಕೆಲಸ ಮಾಡುತ್ತವೆ. ಕೆಳಗಿನ ಅಂಚು ಮಡಚುವ ಮೊದಲು ಒಂದು ರಾತ್ರಿ ಹ್ಯಾಂಗರಿಗೆ ಹಾಕಿಡಿ. ಬಟ್ಟೆ ಇಳಿಯುವಷ್ಟು ಇಳಿಯಲಿ, ಬೆಳಿಗ್ಗೆ ಸಮ ಮಾಡಿ ಹೊಲಿಯಿರಿ. ಇಸ್ತ್ರಿಯನ್ನು ಉಜ್ಜಬಾರದು, ಒದ್ದೆ ಬಟ್ಟೆ ಹಾಸಿ ಒತ್ತಿ ಎತ್ತಬೇಕು.

ಎಡ ಜೇಬು ಎಲ್ಲಿರಬೇಕೆಂದು ಅಮ್ಮನೇ ತೋರಿಸಿದಳು. ಕೈ ಇಳಿಬಿಟ್ಟು ಮೊಣಕೈ ಸ್ವಲ್ಪ ಮಡಚಿದರೆ ಬೆರಳು ಎಲ್ಲಿಗೆ ಬರುತ್ತದೋ ಅಲ್ಲಿ. ಮಾತ್ರೆ, ಕರವಸ್ತ್ರ, ಕನ್ನಡಕ ಅದರಲ್ಲಿ.

ಡಿಸೆಂಬರ್ ಕೊನೆಯ ವಾರ ಕಾರ್ಡಿಗನ್ ತಯಾರಾಯಿತು. ಮೊದಲ ದಿನ ನಾನು ಬಾಗಿಲ ಹತ್ತಿರ ನಿಂತಿದ್ದೆ, ಅಮ್ಮ "ನೀನು ಹೋಗು, ಹಾಲು ಉಕ್ಕೀತು" ಎಂದು ಓಡಿಸಿದಳು. ಎಡಗೈ, ಬೆನ್ನು, ಕೆಂಪು ಪಟ್ಟಿ, ಬಲಗೈ. ಐದು ನಿಮಿಷ ಹಿಡಿದಿರಬಹುದು. ವಾರದ ಹೊತ್ತಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ತೊಡುವುದಕ್ಕಿಂತ ತೆಗೆಯುವುದು ಅವಳಿಗೆ ಹೆಚ್ಚು ಖುಷಿ ಕೊಟ್ಟಿತು. ಹಿಂದೆ ನಾನು ತೊಡಿಸಿ ಹೋದರೆ ಮಧ್ಯಾಹ್ನದ ಬಿಸಿಲಿನಲ್ಲಿ ಬೆವರುತ್ತಾ ಸಂಜೆ ನಾನು ಬರುವವರೆಗೆ ಕಾಯಬೇಕಿತ್ತು. ಈಗ ಹನ್ನೊಂದಕ್ಕೆ ಪಾರ್ಕಿಗೆ ಇಳಿದು, ಸೆಕೆಯಾದರೆ ತೆಗೆದು ಮಡಿಲಲ್ಲಿಟ್ಟುಕೊಂಡು, ಮೋಡ ಬಂದರೆ ಮತ್ತೆ ಹಾಕಿಕೊಳ್ಳುತ್ತಿದ್ದಳು. ಟಿಕೆಟಿನ ಮಾತು ನಿಂತಿತು. ಹೋಳಿಯವರೆಗೆ ಇದ್ದಳು, ವ್ಯಾಯಾಮ ತಪ್ಪಿಸಲಿಲ್ಲ.

ಕಾರ್ಡಿಗನ್ನಿನಿಂದ ಭುಜ ವಾಸಿಯಾಗುವುದಿಲ್ಲ. ಊರಿಗೆ ಹೊರಡುವ ದಿನವೂ ಅಮ್ಮನ ಎಡಗೈ ಕಿವಿಯ ಮಟ್ಟಕ್ಕೆ ಮಾತ್ರ ಏರುತ್ತಿತ್ತು. ಅಷ್ಟಾದರೂ ಏರಿದ್ದು ಇಲ್ಲಿ ಉಳಿದು ಮಾಡಿದ ಆ ಮೂರು ತಿಂಗಳ ವ್ಯಾಯಾಮದಿಂದ. ಸಾಗರದ ಮಳೆಗಾಲಕ್ಕೂ ಅದೇ ಕಾರ್ಡಿಗನ್ ಆಯಿತು. ಫೋನಿನಲ್ಲಿ ಇನ್ನೊಂದು ಹೊಲಿದು ಕಳಿಸು ಎಂದಿದ್ದಾಳೆ, ಹತ್ತಿಯದು, ಬಲಗಡೆಗೂ ಜೇಬು ಇರಬೇಕಂತೆ.

ಈ ಚಳಿಗಾಲಕ್ಕೆ ನಿಮ್ಮ ಮನೆಗೂ ಹಿರಿಯರು ಬರುವವರಿದ್ದರೆ, ಭುಜದ ನೋವಿದ್ದರೆ, ಅಂಗಡಿಗೆ ಹೋಗುವ ಮೊದಲು ಅವರಿಗೆ ಒಂದು ಹಳೆಯ ಕಾರ್ಡಿಗನ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಿ. ನೋಯುವ ಕೈ ಎಲ್ಲಿ ನಿಲ್ಲುತ್ತದೆ, ಒಳ್ಳೆಯ ಕೈ ಎಲ್ಲಿ ಹುಡುಕುತ್ತದೆ ಎಂದು ಗುರುತು ಹಾಕಿಕೊಳ್ಳಿ. ಪಾರ್ಶ್ವವಾಯು ಆದವರಿಗೂ, ಕೈ ಮುರಿದು ಪಟ್ಟಿ ಹಾಕಿಸಿಕೊಂಡವರಿಗೂ ನೋಯುವ ಕೈ ಮೊದಲು ಎಂಬ ನಿಯಮ ಅದೇ. ಹೊಲಿಯಲು ಬಾರದಿದ್ದರೆ ಅಳತೆಗಳನ್ನು ಬರೆದು ದರ್ಜಿಗೆ ಕೊಡಿ. ಎರಡು ಕಡೆ ಬೇರೆ ಬೇರೆ ಏಕೆ ಎಂದು ಅವರು ಕೇಳಿಯೇ ಕೇಳುತ್ತಾರೆ, ಕಾರಣ ಹೇಳಿದರೆ ಒಪ್ಪುತ್ತಾರೆ.

ನನ್ನ ಖಾಕಿ ಕಾಗದದ ಪ್ಯಾಟರ್ನಿನ ಮೇಲೆ 'ಅಮ್ಮ, ಎಡಭುಜ' ಎಂದು ಬರೆದಿದೆ. ಅದು ಈಗ ಮನೆಯಲ್ಲಿಲ್ಲ. ಪಾರ್ಕಿನ ಬೆಂಚಿನಲ್ಲಿ ಅಮ್ಮನ ಪಕ್ಕ ಕೂರುತ್ತಿದ್ದ ಬಂಗಾಳಿ ಅಜ್ಜಿಯ ಸೊಸೆ ಕೇಳಿ ತೆಗೆದುಕೊಂಡು ಹೋಗಿದ್ದಾಳೆ. ಅವಳ ಅತ್ತೆಗೆ ನೋವಿರುವುದು ಬಲಭುಜದಲ್ಲಿ. ಕಾಗದದ ತುಂಡುಗಳನ್ನು ಮಗುಚಿ ಹಾಕಿ ಕತ್ತರಿಸು, ಅಳತೆ ಮಾತ್ರ ಅವರ ಮೈಮೇಲೆ ಹೊಸದಾಗಿ ತೆಗೆದುಕೋ ಎಂದು ಹೇಳಿದ್ದೇನೆ.